ಹಳೇ ಬ್ಯಾಂಕಿನ ಹೊಸ ಹೊಸ್ತಿಲು

2024ರ ಫೆಬ್ರವರಿ 12, ಸೋಮವಾರ, ಮುಂಜಾನೆ ಒಂಬತ್ತೂವರೆ. ಬೈಲಹೊಂಗಲ ಠಾಣೆಗೆ ಹಳೇ ಸಹಕಾರಿ ಬ್ಯಾಂಕಿನ ಮ್ಯಾನೇಜರ್ ಮಿಲಿಂದ ಏದುಸಿರು ಬಿಡುತ್ತ ಬಂದರು.

"ಬ್ಯಾಂಕಿನ್ಯಾಗ ಕಳವಾಗೇತ್ರಿ!"

ಹೆಡ್ ಕಾನ್‌ಸ್ಟೆಬಲ್ ಕಲ್ಮೇಶ ಕುರ್ಚಿಯಿಂದ ಎದ್ದ. "ತಿಜೋರಿ ಒಡದಾರೇನ್ರಿ?"

"ಅಲ್ರಿ. ಹೊಸ್ತಿಲಾ ಒಯ್ದಾರ."

ಕಲ್ಮೇಶ ನಗು ನುಂಗಿಕೊಂಡು ಎಫ್‌ಐಆರ್ ಬರೆದ. ಪೇಟೆ ನಡುವಿನ ಆ ಕಲ್ಲಿನ ಕಟ್ಟಡಕ್ಕೆ ಎಂಬತ್ತು ವರ್ಷ. ಅದನ್ನು ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿಸಲು ಬುಧವಾರ ಸಮಿತಿಯವರು ಬರುವವರಿದ್ದರು. ಕಟ್ಟಿದ ಕೆಲಸಗಾರರ ಹೆಸರಿನ ಕಲ್ಲೂ ತಯಾರಾಗಿತ್ತು. ಹಳೇ ಹೊಸ್ತಿಲಿಲ್ಲದಿದ್ದರೆ ಎಲ್ಲ ಕೆಟ್ಟಂತೆ ಎಂದು ಮಿಲಿಂದ ತಲೆಯ ಮೇಲೆ ಕೈ ಹೊತ್ತರು.

ಹತ್ತು ಗಂಟೆಗೆ ಪಿಎಸ್‌ಐ ಅನ್ನಪೂರ್ಣಾ ಪಂಚನಾಮೆ ಮಾಡಿದರು. ಬಾಗಿಲಡಿಗೆ ಹೊಚ್ಚ ಹೊಸ ಸಾಗವಾನಿ ಹೊಸ್ತಿಲು ಕೂತಿತ್ತು. ಒಂದೂ ಮೊಳೆಯಿಲ್ಲ, ಬರೀ ಕಟಗಿಯ ಬೆಣೆ. ಮೇಲೆ ಅರಿಷಿಣ, ಐದು ಕುಂಕುಮದ ಬೊಟ್ಟು. ರವಿವಾರ ಮಧ್ಯಾಹ್ನ ಉಂಡು ಹಿತ್ತಲಲ್ಲಿ ಮಲಗಿದ್ದೆನೆಂದು ಕಾವಲುಗಾರ ತಲೆ ತಗ್ಗಿಸಿದ.

"ಕಳ್ಳ ಪೂಜಿ ಮಾಡಿ ಹೋಗ್ಯಾನಲ್ರಿ ಕಲ್ಮೇಶ?"

"ಹೊಸ್ತಿಲಾ ಕೂಡಿಸಿದ್ರ ಮುತ್ತೈದಿ ಕೈಲೆ ಪೂಜಿ ಆಗಬೇಕ್ರಿ ಮೇಡಂ. ಬಡಿಗ್ಯಾರು ಅದನ್ನ ಬಿಡೂದಿಲ್ಲ. ಇಂವ ಹೆಂಡ್ತೀನ್ನೂ ಕರಕೊಂಡು ಕಳವಿಗೆ ಬಂದಾನ!"

ಹನ್ನೊಂದೂಕಾಲಿಗೆ ಕಟಗಿ ಅಡ್ಡೆ. ಮಾಲೀಕ ಸುಭಾಸನಿಗೆ ಮೇಡಂದು ಒಂದೇ ಪ್ರಶ್ನೆ.

"ಈ ವಾರ ಹೊಸ್ತಿಲದ ಅಳತಿ ಸಾಗವಾನಿ ಯಾರು ಒಯ್ದ್ರು?"

"ಮೌನೇಶಪ್ಪ ಬಡಿಗ್ಯಾರು. ವಯಸ್ಸು ಅರವತ್ತೆಂಟ್ರಿ, ಇವತ್ತಿಗೂ ಮೊಳಿ ಮುಟ್ಟೂದಿಲ್ಲ ಆ ಅಜ್ಜ."

ಹನ್ನೆರಡಕ್ಕೆ ಮೌನೇಶಪ್ಪನ ಮನೆ. ಹಳೇ ಹೊಸ್ತಿಲು ತೊಳೆಸಿಕೊಂಡು ಗೋಡೆಗೆ ಒರಗಿತ್ತು.

"ಇದು ಯಾರದು?" ಮೇಡಂ ಕೇಳಿದರು.

"ಬ್ಯಾಂಕಿಂದ್ರಿ. ನಾನ ಕಿತ್ತೇನಿ."

"ಒಲಿಗೆ ಹಾಕಿದ್ರ ನಮಗ ಸಿಗತಿದ್ದಿಲ್ಲಲ್ಲ ಯಜಮಾನ್ರ?"

"ಐವತ್ತು ವರ್ಷ ಊರಮಂದಿ ದಾಟಿದ ಹೊಸ್ತಿಲಾರಿ. ಸುಡಾಕ ಕೈ ಬರಲಿಲ್ಲ."

ಒಳಗಿಂದ ಹೆಂಡತಿ ಗುರವ್ವ ಸೆರಗು ಬಿಗಿದುಕೊಂಡು ಬಂದಳು. "ಕುಂಕುಮ ನಾ ಹಚ್ಚೇನಿ. ಒಯ್ಯೂದಾದ್ರ ಇಬ್ಬರನ್ನೂ ಒಯ್ರಿ. ಆದ್ರ ರೊಟ್ಟಿ ಬಿಸಿ ಅದಾವ, ಉಂಡ ಹೋಗೂಣು."

ಮೇಡಂಗೆ ನಗು ತಡೆಯಲಾಗಲಿಲ್ಲ. ಹನ್ನೆರಡೂವರೆಗೆ ಮೌನೇಶಪ್ಪನ ದಸ್ತಗಿರಿಯಾಯಿತು. ಗುರವ್ವ ರೊಟ್ಟಿ ಗಂಟು ಹಿಡಿದು ಜೀಪು ಹತ್ತಿದಳು.

ಠಾಣೆಯಲ್ಲಿ ಅಜ್ಜ ತಾನಾಗಿಯೇ ಹೇಳಿದ. "ಆ ಬಾಗಿಲಾ ನಮ್ಮಪ್ಪ ಮಾಡಿದ್ರಿ. ಎಪ್ಪತ್ತೈದನೇ ಇಸವಿಯಾಗ ಹೊಸ್ತಿಲಾ ಗೆದ್ದಲ ತಿಂತು. ಅಪ್ಪ ಹಾಸಿಗಿ ಹಿಡದಿದ್ದ, ಸಾಗವಾನಿನ ಹಾಕು ಅಂದ. ಸಾಗವಾನಿ ಸಿಗಲಿಲ್ಲ. ಜಾಲಿ ಕಟಗಿ ಹಾಕಿ ಮಸಿ ತಿಕ್ಕಿದೆ, ಸಾಗವಾನಿ ಹಾಕೇನಿ ಅಂತ ಹೇಳಿದೆ. ನಂಬಿ ಕಣ್ಣ ಮುಚ್ಚಿದ. ಬುಧವಾರ ಅವನ ಹೆಸರೂ ಇರೂ ಕಲ್ಲು ಕೂಡಸ್ತಾರ. ಅದರ ಕೆಳಗ ನನ್ನ ಸುಳ್ಳ ಇರಬಾರದಲ್ರಿ."

ಪಕ್ಕದಲ್ಲಿ ಕೇಳುತ್ತ ನಿಂತಿದ್ದ ಮಿಲಿಂದ ಅಲ್ಲಿಂದಲೇ ಸಮಿತಿಗೆ ಫೋನ್ ಮಾಡಿದರು. ಗೋಡೆ, ಬಾಗಿಲು ಹಳೆಯವಿದ್ದರೆ ಸಾಕು, ಹೊಸ್ತಿಲಿನ ನಿಜ ಬರೆದಿಡಿ ಎಂದರಂತೆ.

ಸಂಜೆ ಐದಕ್ಕೆ ಅಜ್ಜನಿಗೆ ಠಾಣೆಯಲ್ಲೇ ಜಾಮೀನು. ಕಾಗದದಲ್ಲಿ ಕೃತ್ಯದ ಉದ್ದೇಶ ಎಂದಿದ್ದಲ್ಲಿ ಕಲ್ಮೇಶ ದುಂಡಗೆ ಬರೆದ: "ತಂದೆಗೆ ಹೇಳಿದ ಮಾತನ್ನು ನಲವತ್ತೊಂಬತ್ತು ವರ್ಷ ತಡವಾಗಿ ನಿಜ ಮಾಡಲು."