ಪ್ಯಾಟರ್ನ್ ಪೇಪರಿನ ಹಿಂಬದಿ

"ಐದನೇ ಕ್ಲಾಸಿಗೇ ಶಾಲೆ ಬಿಟ್ಟೋನು ನೀನು! ನನ್ನ ಮಾತನ್ನ ಆಡ್ಕೊಳ್ತೀಯಾ?"

ಹೊಲಿಗೆ ಅಂಗಡಿಯ ನಾಲ್ಕೂ ಮಷಿನ್‌ಗಳು ಒಮ್ಮೆಲೇ ನಿಂತವು. ಅಳತೆ ಕೊಡಲು ಬಂದಿದ್ದ ಗಿರಾಕಿಗಳು ತಿರುಗಿ ನೋಡಿದರು. ಕಟಿಂಗ್ ಮಾಸ್ಟರ್ ಕತ್ತರಿ ಕೆಳಗಿಟ್ಟ.

ಶುರುವಾಗಿದ್ದು ತಮಾಷೆಯಿಂದ.

"ನಿನ್ನೆ ಮಾರ್ಕೆಟ್‌ಗೆ ಹೋಗಿದ್ನಿ," ಅಂದಿದ್ದಳು ಈಗ ಕೂಗಿದ ಹೊಲಿಗೆಯ ಹುಡುಗಿ.

"ಹೋಗಿದ್ದೆ ಅನ್ನೇ!" ಅಂದಳು ಪಕ್ಕದ ಮಷಿನ್‌ನವಳು.

"ನಮ್ಮನೇಲಿ ಹೋಗಿದ್ನಿ, ಬಂದಿದ್ನಿ, ತಿಂದಿದ್ನಿ ಅಂತಾನೇ ಅನ್ನೋದು. ಏನೀಗ?"

"ಹೆಂಗಾದ್ರೂ ಹೋಗಿರು ತಾಯಿ, ಲೈನಿಂಗ್ ಬಟ್ಟೆ ಮರ್ತು ಬಂದೆಯಲ್ಲ!" ಅಂದಳು ಗುಂಡಿಗೆ ಕಾಜಾ ಹಾಕುವ ಅಕ್ಕ.

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಗಲೇ ಕಣ್ಣಿಗೆ ಬಿತ್ತು... ಮಾಸ್ಟರ್ ಬಗ್ಗಿಕೊಂಡು ಕಟಿಂಗ್ ಅಳತೆ ಬರೆಯುವ ಪ್ಯಾಟರ್ನ್ ಪೇಪರಿನ ಮೇಲೆ ಏನೋ ಗೀಚುತ್ತಿದ್ದ.

ವಾರದಿಂದ ಇದೇ ಕಥೆ! ಅವಳು ಬಾಯಿ ತೆರೆದರೆ ಸಾಕು, ಅವನ ಪೆನ್ಸಿಲ್ ಓಡುತ್ತಿತ್ತು. ಹತ್ತಿರ ಹೋದರೆ ಪೇಪರಿನ ಮೇಲೆ ಬಟ್ಟೆ ಎಳೆದುಬಿಡುತ್ತಿದ್ದ.

ಇವತ್ತು ಕಸಿದೇಬಿಟ್ಟಳು. ಸಾಲಾಗಿ ಅವಳದೇ ಮಾತುಗಳು! ಹೋಗಿದ್ನಿ. ಬಂದಿದ್ನಿ. ತಿಂದಿದ್ನಿ.

ಹಿಂದೆ ಅವಳಿಗೆ ಸಂಬಂಧ ಕೇಳಲು ಬಂದವರು ಅವಳ ಅವ್ವನ ಇದೇ ಹೋಗಿದ್ನಿ-ಬಂದಿದ್ನಿ ಕೇಳಿ ಮುಸಿಮುಸಿ ನಕ್ಕಿದ್ದರು. ಅಂದಿನಿಂದ ಅವ್ವ ಹೊಸಬರ ಮುಂದೆ ತುಟಿ ಬಿಚ್ಚಿಲ್ಲ. ಒಮ್ಮೆ ಅಂಗಡಿಯಲ್ಲಿ ಊಟದ ಹೊತ್ತಲ್ಲಿ ಅವಳೇ ಅದನ್ನು ಎಲ್ಲರೆದುರು ಹೇಳಿ ಅತ್ತಿದ್ದಳು. ಇವನೂ ಕೇಳಿದ್ದ. ಕೇಳಿಯೂ ಹೀಗೆ ಮಾಡುವುದಾ? ತಾನು ಕದ್ದು ಕದ್ದು ನೋಡುತ್ತಿದ್ದುದು ಇಂಥವನನ್ನಾ?

ಆ ಕೂಗು ಕೇಳಿದ ಮಾಸ್ಟರ್ ಕೊರಳಿನ ಟೇಪ್ ತೆಗೆದು ಮೇಜಿನ ಮೇಲೆಸೆದು ಬಾಗಿಲಿನತ್ತ ನಡೆದ.

"ಹಿಂದೆ ತಿರುಗಿಸಿ ಓದೇ, ಆತುರಗೆಟ್ಟೋಳೇ!" ಅಕ್ಕ ಗದರಿದಳು. "ನನಗೇ ಮೂರು ಸಲ ಓದಿ ಕೇಳ್ಸಿದಾನೆ!"

ತಿರುಗಿಸಿದಳು. ಸೊಟ್ಟ ಅಕ್ಷರಗಳು, ಹೊಡೆದುಹಾಕಿದ ಎರಡು ಸಾಲುಗಳು. ಅದರ ಕೆಳಗೆ...

'ಅವ್ವಾ, ನಿಮ್ಮ ಮಗಳನ್ನ ಮೊದಲನೇ ದಿನಾನೇ ಮೆಚ್ಚಿದ್ನಿ. ಕೇಳೋಕೆ ಹೆದರಿದ್ನಿ. ನಿಮ್ಮ ಮಾತಲ್ಲೇ ಕೇಳ್ಬೇಕು ಅಂತ ಕಲೀತಿದ್ದೀನಿ. ತಪ್ಪಾದ್ರೆ ಈ ಸಲ ನೀವು ನಗಿ.'

ಅಕ್ಷರಗಳು ಮಂಜಾದವು.

ಮೆಟ್ಟಿಲಿಗೇ ಓಡಿದಳು. "ಮಾಸ್ಟ್ರೇ! ತಪ್ಪಾಯ್ತು... ಎಲ್ಲರೆದುರು ಅಂದೆ, ಎಲ್ಲರೆದುರೇ ಕೇಳ್ತೀನಿ, ಕ್ಷಮಿಸಿ!"

ಅವನು ನಿಂತ. ತಿರುಗಲಿಲ್ಲ.

"ನಾನೂ ಮೆಚ್ಚಿದ್ನಿ..." ಪೇಪರನ್ನು ಅವನತ್ತ ಚಾಚಿದಳು. "ಅವ್ವ ಈಗ ಮನೇಲೇ ಇದ್ದಾಳೆ. ಹೋಗ್ತೀರಾ?"

ಅವನು ತಿರುಗಿ ಬಂದ. ಅವಳ ಕೈಯಿಂದ ಪೇಪರ್ ತೆಗೆದುಕೊಂಡು ನಾಲ್ಕಾಗಿ ಮಡಚಿ ಜೇಬಿಗಿಟ್ಟ. ಮೆಟ್ಟಿಲಿಳಿದು ಹೊರಟ.

ಅವಳು ಮೆಟ್ಟಿಲ ಮೇಲೇ ನಿಂತು ನೋಡುತ್ತಿದ್ದಳು. ಅವನ ರೂಮಿಗೆ ಬಲಕ್ಕೆ ತಿರುಗಬೇಕು.

ಅವನು ಎಡಕ್ಕೆ ತಿರುಗಿದ... ಅವಳ ಮನೆಯ ರಸ್ತೆಗೆ!