ಸೋಮವಾರದ ಒಣಮೀನು

ಶಿರವಾಡದ ಶಾಲೆಯ ಬೇಸಿಗೆ ಶಿಬಿರದಲ್ಲಿ ಸೋಮವಾರ ಬೆಳಿಗ್ಗೆ ಸೂಕ್ಷ್ಮದರ್ಶಕ ಮಾಯ! ಮೇಜಿನ ಮೇಲೆ ಒಣಮೀನಿನ ಚೂರು ಚೆಲ್ಲಿತ್ತು. ಕಿಟಕಿ ತೆರೆದಿತ್ತು.

ಮಕ್ಕಳಿಗೆ ರಸ್ತೆ ನಿಯಮ ಹೇಳಿಕೊಡಲು ಬಂದಿದ್ದ ಹೆಡ್ ಕಾನ್ಸ್‌ಟೇಬಲ್ ರೂಪಾಲಿ ಪೀಪಿಯನ್ನು ಜೇಬಿಗಿಳಿಸಿದಳು. ಬಂದ ಕೆಲಸ ಒಂದು, ಗಂಟುಬಿದ್ದದ್ದು ಇನ್ನೊಂದು.

"ನೋಡೂದೆಂತ ಮೇಡಂ? ಮೀನು ಮಾರೂರ ಹುಡುಗಿ ಪ್ರೇಕ್ಷಾಳದ್ದೇ ಕೆಲಸ," ಎಂದ ಶಿಬಿರದ ಉಸ್ತುವಾರಿ ಕಿಶನ ಮಾಸ್ತರ. "ಬೆಳಿಗ್ಗೆ ಕೀಲಿ ತೆಗೆದವ ನಾನೇ. ಆಗ್ಲೇ ಹೀಗಿತ್ತು."

ಪ್ರೇಕ್ಷಾ ಬಿಕ್ಕುತ್ತಿದ್ದಳು. ಸಮುದ್ರದ ನೀರಿನ ಸಣ್ಣ ಜೀವಿಗಳ ಬಗ್ಗೆ ಅವಳು ಮಾಡಿದ ಪ್ರಯೋಗ ಧಾರವಾಡದ ವಿಜ್ಞಾನ ಪ್ರದರ್ಶನಕ್ಕೆ ಆಯ್ಕೆಯಾಗಿ ಒಂದು ದಿನವೂ ಆಗಿರಲಿಲ್ಲ. ಸುದ್ದಿ ಕೇಳಿ ಮೀನಿನ ಬುಟ್ಟಿ ಬಿಟ್ಟು ಓಡಿಬಂದ ತಾಯಿ ಗಂಗೂ ಮಗಳ ರಟ್ಟೆ ಹಿಡಿದಳು.

"ನಡಿ ಮನೆಗೆ. ಕಳ್ಳಿ ಅನ್ನಿಸ್ಕಂಡು ಕಲಿಯೂ ವಿದ್ಯೆ ನಮ್ಗೆ ಬ್ಯಾಡ."

"ನಾ ತಕ್ಕಳ್ಳಿಲ್ಲ ಆಯಿ!"

ರೂಪಾಲಿ ಅಡ್ಡ ಬಂದಳು. "ಚೂರು ತಡಿ ಗಂಗಕ್ಕ," ಎಂದಳು.

* * *

ಕಿಟಕಿಯ ಕೆಳಗೆ ಹೆಜ್ಜೆ ಗುರುತು. ಸಿಕ್ಕಿಬಿದ್ದ ಕಳ್ಳ ಎಂದುಕೊಂಡರೆ, ಅದು ಅಡುಗೆಯ ಹೊನ್ನಮ್ಮನದು!

"ನಂದೇರಾ. ನಿನ್ನೆ ಸಂಜೆ ಬೆಕ್ಕು ಓಡ್ಸೂಕೆ ಹೋಗಿದ್ದೆ. ಚಿಲಕ ಮುರ್ದ ಕಿಟಕಿ. ದಿನಾ ರಾತ್ರಿ ಅದು ಒಳ್ಗೇ ಮಲಗ್ತದೆ, ಹಾಳಾದ್ದು."

ರೂಪಾಲಿ ನಕ್ಕಳು. ಅಂಗಳಕ್ಕೆ ಬಂದು ನೋಡಿದರೆ, ಅದೇ ಬೆಕ್ಕು ಕಿಶನನ ಸ್ಕೂಟರ್ ಸೀಟನ್ನು ಪರಚುತ್ತಿದೆ.

"ಮಾಸ್ತರ್ರೇ, ಮಧ್ಯಾಹ್ನಕ್ಕೆ ಮೀನೂಟವಾ?"

"ಛೆ ಛೆ! ಸೋಮವಾರ ನಾವು ಮೀನು ಮುಟ್ಟೂದೇ ಇಲ್ಲ."

"ಹಾಗಾದ್ರೆ ಡಿಕ್ಕಿ ತೆಗೀರಿ."

ಮಾಸ್ತರ ತಡವರಿಸುತ್ತ ಡಿಕ್ಕಿ ತೆಗೆದ. ಒಳಗೆ ಪಂಚೆ ಸುತ್ತಿದ ಸೂಕ್ಷ್ಮದರ್ಶಕವಿತ್ತು. ಪಕ್ಕದಲ್ಲೇ ಒಣಮೀನಿನ ಪೊಟ್ಟಣ.

* * *

"ರಾತ್ರಿಯೇ ಕಳ್ಳತನ ಆಗಿದ್ರೆ ಬೆಕ್ಕು ಒಂದು ಚೂರನ್ನೂ ಉಳಿಸ್ತಿರಲಿಲ್ಲ," ಎಂದಳು ರೂಪಾಲಿ. "ಅಂದ್ರೆ ಮೀನು ಬಿದ್ದದ್ದು ಬೆಳಿಗ್ಗೆ, ಬಾಗಿಲು ತೆಗೆದ ಮೇಲೆ. ತೆಗೆದವರು ನೀವು. ಸೋಮವಾರ ಮೀನು ಮುಟ್ಟದವರ ಗಾಡೀಲಿ ಮೀನಿಗೇನು ಕೆಲಸ?"

ಕಿಶನ ತಲೆ ತಗ್ಗಿಸಿದ. "ನನ್ನ ತಂಗಿ ಮಗ ಅಮಿತನೂ ಇದೇ ಶಿಬಿರದಲ್ಲಿದ್ದಾನೆ. ಇವಳನ್ನ ತೆಗೆದ್ರೆ ಧಾರವಾಡಕ್ಕೆ ಹೋಗೂ ಅವಕಾಶ ಅವನಿಗೆ ಸಿಗ್ತಿತ್ತು..."

"ಥೂ! ಮಗುವಿನ ಮೇಲೆ ಕಳ್ಳತನ ಹೊರಿಸೋಕೆ ನಾಚಿಕೆ ಆಗ್ಲಿಲ್ವಾ? ಹತ್ತಿ ಜೀಪು!"

ಪ್ರೇಕ್ಷಾ ಸೂಕ್ಷ್ಮದರ್ಶಕವನ್ನು ಎತ್ತಿಕೊಂಡು ಒಳಗೋಡಿದಳು. ಗಂಗೂ ಬಾಗಿಲಲ್ಲೇ ನಿಂತು ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮೇಡಂ, ಧಾರವಾಡಕ್ಕೆ ಬಸ್ಸು ಎಷ್ಟೊತ್ತಿಗೆ ಅದೆ?"

"ಯಾಕೆ ಗಂಗಕ್ಕ? ಶಿಬಿರದವರೇ ಕರ್ಕೊಂಡು ಹೋಗ್ತಾರಲ್ಲ."

"ಹೋಗ್ಲಿ. ನಾನೂ ಹೋಗ್ತೆ. ನನ್ ಮಗಳು ಎಂತ ಹೇಳ್ತದೆ, ಕೇಳ್ಬೇಕು."