ತಳಕ್ಕೆ ಕೂತ ಬಿಳಿ ಪುಡಿ

ಅಣಬೆ ಹೆರೆಯುವ ಚಾಕು ನನ್ನ ಕುತ್ತಿಗೆಗೆ ಒತ್ತಿತ್ತು.

ಹಿಡಿದವಳು ಓಯಾಂಗ್. ಔಷಧ ಕಂಪನಿಯ ಕೆಮಿಸ್ಟ್. ಚಾಕು ತೋರಿಸಿ ರೂಢಿಯಿಲ್ಲದವಳು... ಅಂಥವರನ್ನು ಕಂಡರೆ ನನಗೆ ಹೆಚ್ಚು ಭಯ.

"ಟಾನ್ ಕಳಿಸಿದ್ನಾ?"

"ಹೌದು. ಫಾರ್ಮುಲಾ ಕದ್ದು ಓಡಿದ್ದೀಯಂತೆ."

ನಾನು ಪಾಂಗ್. ಹದಿನಾಲ್ಕು ವರ್ಷ ಹುನಾನ್ ಪೊಲೀಸ್‌ನಲ್ಲಿದ್ದೆ. ಈಗ ಓಡಿಹೋದವರನ್ನು ಹುಡುಕಿಕೊಡುವುದೇ ಕಸುಬು. ಕಂಪನಿಯ ಮಾಲೀಕ ಟಾನ್ ಕೇಳಿದ ಮೂರನೇ ದಿನ, ಬೆಟ್ಟದ ಮೇಲಿನ ಅವಳ ಚಿಕ್ಕಪ್ಪನ ಶೆಡ್ಡಿನಲ್ಲಿ ಅವಳು ಸಿಕ್ಕಿದ್ದಳು.

ಅಥವಾ ನಾನು ಅವಳಿಗೆ.

"ಕದ್ದಿದ್ದು ಫಾರ್ಮುಲಾ ಅಲ್ಲ. ಇದು."

ಚಾಕು ಇಳಿಸಿದಳು. ಚೀಲದಿಂದ ಇಂಜೆಕ್ಷನ್ ಬಾಟಲಿಗಳನ್ನು ತೆಗೆದಳು. ಒಂದರ ಪುಡಿಯನ್ನು ನೀರಿನ ಲೋಟಕ್ಕೆ ಸುರಿದು, ಚಾಪ್‌ಸ್ಟಿಕ್ ಕೊಟ್ಟಳು.

"ಕಲಸು."

ಕಲಸಿದೆ. ನೀರು ಹಾಲಿನಂತಾಯಿತು. ಆಮೇಲೆ ಪುಡಿ ನಿಧಾನವಾಗಿ ತಳಕ್ಕೆ ಕೂತಿತು... ನುಣ್ಣನೆ ಮರಳಿನ ಹಾಗೆ.

"ಇದು ಫುಲಿಂಗ್ ಅನ್ನೋ ಅಣಬೆಯ ಸತ್ವ. ಹಾಗೇ ನೀರಲ್ಲಿ ಕರಗಲ್ಲ, ಅಣ್ಣ. ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಆ್ಯಸಿಡ್ ಹಾಕಿ ಐದು ಗಂಟೆ ಕಾಯಿಸಿದ್ರೆ ಕರಗುತ್ತೆ. ಟಾನ್ ಎರಡೇ ಗಂಟೆಗೆ ಇಳಿಸಿ ಅಂದ."

"ಕರಗದಿದ್ರೆ?"

"ರಕ್ತದ ಜೊತೆ ಹೋಗಿ ಶ್ವಾಸಕೋಶದಲ್ಲಿ ಕಟ್ಕೊಳ್ಳುತ್ತೆ. ಕ್ಯಾನ್ಸರ್ ವಾರ್ಡಲ್ಲಿ ಇಬ್ರು ಉಸಿರು ಸಿಗದೆ ಹೋದ್ರು. ಕಾಯಿಲೆ ಜಾಸ್ತಿ ಆಗಿತ್ತು ಅಂತ ಬರೆದ್ರು. ಇವತ್ತು ಮಧ್ಯಾಹ್ನ ಇನ್ನೂ ನಾಲ್ಕು ಸಾವಿರ ಬಾಟಲಿ ಲಾರಿ ಹತ್ತುತ್ತೆ."

ನನ್ನ ಕಿವಿ ಕಾದವು. ಟಾನ್ ನನಗೆ ಚಹಾ ಕೊಟ್ಟಿದ್ದ. 'ಕಳ್ಳಿ' ಎಂದಿದ್ದ. ನಾನು ಮೂರು ದಿನ ಮೂಸುತ್ತಾ ಬಂದಿದ್ದೆ... ಅವನ ನಾಯಿಯಾಗಿ.

ಹೊರಗೆ ಜೀಪು ನಿಂತ ಸದ್ದು.

ಟಾನ್‌ನ ಇಬ್ಬರು ಆಳುಗಳು. ನನ್ನ ಬೆನ್ನು ಹತ್ತಿಯೇ ಬಂದಿದ್ದರು.

"ಪಾಂಗ್, ಅವಳನ್ನ ಬಿಟ್ಟು ನೀನು ಹೊರಡು."

ಮೊದಲು ಬಾಗಿಲಿಗೆ ಬಂದವನ ಮೂಗಿಗೆ ಉತ್ತರ ಕೊಟ್ಟೆ. ಓಯಾಂಗ್‌ಳನ್ನು ಚೀಲದ ಸಮೇತ ಹಿಂಬಾಗಿಲಿಂದ ಎಳೆದೊಯ್ದು ನನ್ನ ಬೈಕಿಗೆ ಹತ್ತಿಸಿದೆ.

ಪೈನ್ ಮರಗಳ ನಡುವೆ ಇಳಿಜಾರು. ಹಿಂದೆ ಜೀಪು. ಒಂದು ಸಲ ಹಿಂಚಕ್ರಕ್ಕೆ ಗುದ್ದಿತು. ಬೈಕ್ ತೂರಾಡಿತು.

"ಬಾಟಲಿ ಒಡೀತಾ?"

"ನಾನು ಒಡೀದಿದ್ರೆ ಸಾಕು, ನೀವು ಓಡ್ಸಿ!"

ತಿರುವಿನಲ್ಲಿ ಒಬ್ಬ ಅಜ್ಜಿಯ ಅಂಗಳಕ್ಕೆ ನುಗ್ಗಿದೆ. ಚಾಪೆಗಳ ಮೇಲೆ ಒಣಹಾಕಿದ ಅಣಬೆ ತುಂಡುಗಳು. ಬೈಕ್ ಅಂಚಿನಲ್ಲಿ ನುಸುಳಿತು. ಜೀಪು ಚಾಪೆಗಳ ಮೇಲೇ ಜಾರಿ, ಕೆಸರು ಗದ್ದೆಗೆ ಮೂತಿ ಇಟ್ಟಿತು.

"ನಿಮ್ಮ ಕಣ್ಣನ್ನ ಬಾತುಕೋಳಿ ತಿಂದ್ವೇನ್ರೋ?" ಅಜ್ಜಿ ಸಲಿಕೆ ಹಿಡಿದು ಜೀಪಿನತ್ತ ಹೊರಟಳು. ಅವರಿಬ್ಬರ ಕತೆ ಅವಳಿಗೇ ಬಿಟ್ಟೆ.

ಔಷಧ ನಿಯಂತ್ರಣ ಕಚೇರಿ ತಲುಪಿದಾಗ ಹನ್ನೊಂದು ಗಂಟೆ. ಅಲ್ಲಿನ ಅಧಿಕಾರಿ ಯಾನ್, ಮಿತಭಾಷಿ ಹೆಂಗಸು. ಹೊಸ ಬಾಟಲಿಯ ಸೀಲ್ ನೋಡಿದಳು. ನೀರು ಸೇರಿಸಿ ಕುಲುಕಿದಳು. ಸಿರಿಂಜಿಗೆ ಎಳೆದಳು.

ಸೂಜಿ ಕಟ್ಟಿಕೊಂಡಿತು.

ಅವಳು ಫೋನ್ ಎತ್ತಿದಳು. "ಲಾರಿ ಗೇಟಲ್ಲೇ ನಿಲ್ಲಿಸಿ. ಆಸ್ಪತ್ರೆಗಳಿಗೂ ಹೇಳಿ, ಒಂದು ಬಾಟಲಿಯನ್ನೂ ಮುಟ್ಟಬಾರದು."

ಓಯಾಂಗ್ ಕುರ್ಚಿಯಲ್ಲಿ ಕುಸಿದು ಅತ್ತಳು. ನನಗೆ ಅಳು ಬರಲಿಲ್ಲ... ಯಾರನ್ನಾದರೂ ಹೊಡೆಯಬೇಕೆನಿಸಿತು.

ಅರ್ಧ ಗಂಟೆಯಲ್ಲಿ ಟಾನ್ ಓಡಿಬಂದ. ಕಾಲರ್ ಬೆವರಿನಲ್ಲಿ ನೆನೆದಿತ್ತು. ನನ್ನತ್ತ ನೋಡಲೇ ಇಲ್ಲ.

"ಮೇಡಂ, ಅದು ಹಾಗಲ್ಲ... ಸ್ವಲ್ಪ ಹೊತ್ತು ಬಿಟ್ರೆ ತಾನಾಗೇ ಕರಗುತ್ತೆ. ಕಾಯ್ಬೇಕು ಅಷ್ಟೇ."

ಬಾಗಿಲಲ್ಲಿ ಪೊಲೀಸರು ನಿಂತಿದ್ದರು. ನಾನು ಆ ಬಾಟಲಿಯನ್ನು ಅವನ ಮುಂದೆ ಸರಿಸಿದೆ.

"ಕಾಯ್ತಾ ಇರು, ಟಾನ್. ಇನ್ನು ನಿನಗೆ ಹೊತ್ತಿಗೇನೂ ಬರ ಇಲ್ಲ."